ಬಾಯಾರಿನಿಂದ ಹಂಪನಕಟ್ಟೆಗೆ: ಒಂದು ಹಳೆಯ ಬಸ್ ವೇಳಾಪಟ್ಟಿಯ ಚರಿತ್ರೆ

ನಮ್ಮ ಹಳೆಯ ಕಾಗದಪತ್ರಗಳ ನಡುವೆ ನೂರು ಪುಟಗಳ ಒಂದು ನೋಟುಪುಸ್ತಕ ಉಳಿದುಕೊಂಡಿದೆ. ಮುಂಭಾಗದಲ್ಲಿ ಪಿಯುಸಿ ತರಗತಿಯ ಇತಿಹಾಸದ ಟಿಪ್ಪಣಿಗಳು. ಹಿಂಭಾಗದ ಕೊನೆಯ ಹಾಳೆಯಲ್ಲಿ ಬಸ್ಸುಗಳ ವೇಳೆ. 1968ರ ಜೂನ್ ತಿಂಗಳಲ್ಲಿ ಉಪ್ಪಳದ ಕೈಕಂಬದಲ್ಲಿದ್ದ ಒಂದು ಚಹಾದ ಹೋಟೆಲಿನ ಗೋಡೆಯಿಂದ ನಾವು ಅದನ್ನು ನಕಲು ಮಾಡಿಕೊಂಡಿದ್ದೆವು. ಶಾಯಿ ಮಾಸಿ ಕಂದಾಗಿದೆ. ಹಾಳೆಯ ಒಂದು ಮೂಲೆಯನ್ನು ಗೆದ್ದಲು ತಿಂದಿದೆ. ಉಳಿದದ್ದು ಸ್ಪಷ್ಟವಾಗಿದೆ. ಬಾಯಾರು ಬಿಡುವುದು 6.15, ಕೈಕಂಬ 7.00, ತಲಪಾಡಿ 7.30, ಮಂಗಳೂರು 8.15. ಮರಳುವ ಕೊನೆಯ ಬಸ್ಸು ಮಂಗಳೂರು ಬಿಡುವುದು ಸಂಜೆ 6.40.

ಈ ನಾಲ್ಕು ಊರುಗಳ ಸಾಲನ್ನು ಈಗ ಓದುವಾಗ ನಮ್ಮ ಗಮನವನ್ನು ಸೆಳೆಯುವುದು ಮೂರನೆಯ ಹೆಸರು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳವನ್ನು ಸೇರಿದಂದಿನಿಂದ ತಲಪಾಡಿ ಎರಡು ರಾಜ್ಯಗಳ ಗಡಿ. ನಾವು ಈ ಪಟ್ಟಿಯನ್ನು ಬರೆದುಕೊಳ್ಳುವ ಹೊತ್ತಿಗೆ ಆ ಗಡಿಗೆ ಹನ್ನೆರಡು ವರ್ಷ ವಯಸ್ಸಾಗುತ್ತ ಬಂದಿತ್ತು. ಆದರೆ ಹೋಟೆಲಿನ ಗೋಡೆಯ ಮೇಲಾಗಲಿ ನಮ್ಮ ಹಾಳೆಯ ಮೇಲಾಗಲಿ ಅದರ ಸುಳಿವಿಲ್ಲ. ಬಸ್ಸು ಅರೆನಿಮಿಷ ನಿಂತು ಹೊರಡುವ ಹಲವು ಊರುಗಳಲ್ಲಿ ತಲಪಾಡಿಯೂ ಒಂದು.

ಚರಿತ್ರೆಯನ್ನು ಪಾಠ ಹೇಳಿದವರಿಗೆ ದಾಖಲೆಗಳೆಂದರೆ ಶಾಸನ, ಕಡತ, ಗೆಜೆಟಿಯರು, ಆಯೋಗಗಳ ವರದಿ. ಬಸ್ಸಿನ ವೇಳಾಪಟ್ಟಿಯನ್ನು ಯಾರೂ ಆ ಸಾಲಿನಲ್ಲಿ ಕೂರಿಸುವುದಿಲ್ಲ. ವೇಳೆ ಬದಲಾದ ಮರುದಿನವೇ ಅದನ್ನು ಹರಿದು ಒಲೆಗೆ ಹಾಕುತ್ತಾರೆ. ಆದರೂ ಒಂದು ಸೀಮೆಯ ಜನ ತಮ್ಮ ಪೇಟೆ ಯಾವುದೆಂದು ತಿಳಿದಿದ್ದರು, ಕಾಯಿಲೆಯಾದಾಗ ಎತ್ತ ಮುಖ ಮಾಡುತ್ತಿದ್ದರು, ಮಕ್ಕಳನ್ನು ಎಲ್ಲಿ ಓದಿಸಲು ಬಯಸುತ್ತಿದ್ದರು ಎಂಬುದನ್ನು ಯಾರ ಪರವನ್ನೂ ವಹಿಸದೆ ಹೇಳುವ ಕಾಗದ ಅದು. ಫಜಲ್ ಆಲಿ ಆಯೋಗದವರು 1955ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಕೊಡಬೇಕೆಂದು ಶಿಫಾರಸು ಮಾಡುವಾಗಲೂ, ಮಹಾಜನ ಆಯೋಗದವರು 1967ರಲ್ಲಿ ಚಂದ್ರಗಿರಿ ನದಿಯ ಉತ್ತರ ಭಾಗ ಮೈಸೂರಿಗೆ ಸೇರಬೇಕೆಂದು ಹೇಳುವಾಗಲೂ ಕೈಕಂಬದ ಆ ಹೋಟೆಲಿನ ಗೋಡೆಯನ್ನು ಯಾರಾದರೂ ನೋಡಿದ್ದರೋ ಇಲ್ಲವೋ. ನೋಡಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ.

ಮೋಟಾರು ಬರುವ ಮೊದಲಿನ ಕಾಲವನ್ನು ನಾವು ಅಜ್ಜನವರ ಬಾಯಿಂದ ಕೇಳಿದ್ದೇವೆ. ಜಮೀನಿನ ವ್ಯಾಜ್ಯಕ್ಕೆ ಮಂಗಳೂರಿನ ಕೋರ್ಟಿಗೆ ಹೋಗುವುದೆಂದರೆ ಹಿಂದಿನ ದಿನವೇ ಬುತ್ತಿ ಕಟ್ಟಿಕೊಂಡು ನಡೆದು ಮಂಜೇಶ್ವರ ಸೇರುವುದು. ಅಲ್ಲಿ ಪರಿಚಯದವರ ಚಾವಡಿಯಲ್ಲಿ ಮಲಗಿ ಬೆಳಗಾಗುವ ಮೊದಲೇ ಮುಂದಿನ ದಾರಿ ಹಿಡಿಯುವುದು. 1907ರಲ್ಲಿ ರೈಲು ಮಂಗಳೂರನ್ನು ಮುಟ್ಟಿದ ಮೇಲೆ ಕರಾವಳಿಯ ಅಂಚಿನ ಕಾಸರಗೋಡು, ಕುಂಬಳೆ, ಮಂಜೇಶ್ವರಗಳಿಗೆ ಅನುಕೂಲವಾಯಿತು. ಆದರೆ ರೈಲಿನ ಲಕ್ಷ್ಯವೆಲ್ಲ ಮದರಾಸಿನ ಕಡೆಗೆ. ದೂರದ ಊರಿನ ಹೊತ್ತಿಗೆ ಹೊಂದಿಕೊಂಡು ಅದು ಬರುತ್ತಿತ್ತು, ಹೋಗುತ್ತಿತ್ತು. ಬಾಯಾರು, ಪೈವಳಿಕೆ, ಪೆರ್ಲ, ಬದಿಯಡ್ಕದಂತಹ ಒಳನಾಡಿನ ತೋಟಗಳವರಿಗೆ ಅದರ ಕೂಗು ಕೇಳಿಸುವಷ್ಟು ಹತ್ತಿರವೂ ಇರಲಿಲ್ಲ.

1914ರ ಹೊತ್ತಿಗೆ ಮಂಗಳೂರಿನಲ್ಲಿ ಮೋಟಾರು ಬಸ್ಸು ಕಾಣಿಸಿಕೊಂಡಿತು. ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಜನರ ಬಾಯಲ್ಲಿ ಸಿ.ಪಿ.ಸಿ. ಆಗಿ ಮನೆಮಾತಾಯಿತು, ಅನಂತರ ಶಂಕರ ವಿಠಲ, ಹನುಮಾನ್ ಮೊದಲಾದ ಕಂಪನಿಗಳು ಜಿಲ್ಲೆಯ ರಸ್ತೆಗಳ ಮೇಲೆ ಬಂದವು. ದಕ್ಷಿಣ ಕನ್ನಡದಲ್ಲಿ ಬಸ್ಸನ್ನು ತಂದವರು ಸರಕಾರದವರಲ್ಲ, ಖಾಸಗಿಯವರು. ಇಲ್ಲಿ ಬಸ್ಸಿಗೆ ಹೆಸರಿರುತ್ತದೆ, ಹಣೆಯ ಮೇಲೆ ದೇವರಿರುತ್ತಾನೆ, ಮಾಲಕನಿಗೆ ಮಾನಾಪಮಾನಗಳಿರುತ್ತವೆ. ಎದುರಾಳಿಯ ಬಸ್ಸು ತನ್ನದಕ್ಕಿಂತ ಎರಡು ನಿಮಿಷ ಮುಂದೆ ಹೊರಟರೆ ಅದು ಲೆಕ್ಕದ ವಿಷಯವಷ್ಟೇ ಅಲ್ಲ, ಮರ್ಯಾದೆಯ ವಿಷಯವೂ ಹೌದು. ನಮ್ಮ ಜಿಲ್ಲೆಯ ಬಸ್ಸುಗಳ ಸಮಯಪಾಲನೆಗೆ ಶಿಸ್ತಿಗಿಂತ ಈ ಹಟವೇ ಹೆಚ್ಚು ಕಾರಣವಾಗಿತ್ತೆಂದು ನಾವು ತಿಳಿಯುತ್ತೇವೆ.

ಆ ರಸ್ತೆಯ ನಿಜವಾದ ಯಜಮಾನರು ನದಿಗಳು. ಮೊಗ್ರಾಲು, ಕುಂಬಳೆ, ಶಿರಿಯ, ಉಪ್ಪಳ ಎಂದು ಒಂದರ ಹಿಂದೆ ಒಂದರಂತೆ ಹೊಳೆಗಳು ಕಡಲಿಗೆ ಅಡ್ಡಹಾಯುತ್ತವೆ. ಕೊನೆಗೆ ಎಲ್ಲದಕ್ಕೂ ದೊಡ್ಡದಾಗಿ ನೇತ್ರಾವತಿ. ಉಳ್ಳಾಲದ ಬಳಿ ರಸ್ತೆ ಸೇತುವೆಯಾಗುವ ಮೊದಲು ಅಲ್ಲಿ ನೇತ್ರಾವತಿಯನ್ನು ನೆಲದ ಮೇಲೆಯೇ ದಾಟುವ ಭಾಗ್ಯ ರೈಲಿಗೆ ಮಾತ್ರ ಇತ್ತು. ಉಳಿದವರಿಗೆ ಕಡವಿನ ದೋಣಿ. ಇಲ್ಲವೇ ಪಾಣೆಮಂಗಳೂರಿನ ಸೇತುವೆಯ ಸುತ್ತುದಾರಿ. ಮಳೆಗಾಲದಲ್ಲಿ ಕೆಂಪು ನೀರು ಏರಿದರೆ ಅಂದಿನ ಮಂಗಳೂರು ಅಲ್ಲಿಗೆ ಮುಗಿಯಿತು. ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರು ಪಶ್ಚಿಮ ಕರಾವಳಿಯ ಹೆದ್ದಾರಿಗಾಗಿ, ಅದರ ಸೇತುವೆಗಳಿಗಾಗಿ ಪಟ್ಟ ಶ್ರಮವನ್ನು ನಮ್ಮ ಹಿರಿಯರು ಕೃತಜ್ಞತೆಯಿಂದ ನೆನೆಯುತ್ತಿದ್ದರು. ನಾವು ಕಾಲೇಜು ಸೇರುವ ಹೊತ್ತಿಗೆ ಬಸ್ಸು ಸೇತುವೆಯ ಮೇಲೆಯೇ ನೇತ್ರಾವತಿಯನ್ನು ದಾಟುತ್ತಿತ್ತು. ಕಿಟಕಿಯ ಬಳಿ ಕುಳಿತ ಹೆಂಗಸರು ಹೊಳೆಗೆ ಕೈಮುಗಿಯುತ್ತಿದ್ದರು; ಕೆಲವರು ಒಂದು ಕಾಸು ಎಸೆಯುವುದೂ ಇತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡಿದವು. ಹಿಂಭಾಗದಲ್ಲಿ ಹಂಡೆಯಂತಹ ಒಲೆಯೊಂದನ್ನು ಕಟ್ಟಿಕೊಂಡ ಆ ಬಸ್ಸುಗಳನ್ನು ನಾವು ಕಂಡವರಲ್ಲ, ತಂದೆಯವರು ಬಲ್ಲರು. ಹೊರಡುವ ಅರ್ಧ ಗಂಟೆ ಮೊದಲೇ ಕ್ಲೀನರ್ ಹುಡುಗ ತಿದಿಯ ಹಿಡಿಯನ್ನು ತಿರುಗಿಸಿ ಕೆಂಡವನ್ನು ಎಬ್ಬಿಸಬೇಕಿತ್ತಂತೆ. ಏರುದಾರಿ ಬಂದರೆ ಪ್ರಯಾಣಿಕರು ಇಳಿದು ನಡೆಯುವುದು, ಕೆಲವೊಮ್ಮೆ ನೂಕುವುದು. “ಟಿಕೇಟಿನ ಹಣವನ್ನು ನಾವು ಕೊಟ್ಟು ಬಸ್ಸನ್ನು ನಾವೇ ಮಂಗಳೂರಿಗೆ ಮುಟ್ಟಿಸುತ್ತಿದ್ದೆವು” ಎಂದು ತಂದೆಯವರು ನಗುತ್ತಿದ್ದರು. ಆ ಕಾಲದಲ್ಲಿ ವೇಳಾಪಟ್ಟಿಯಲ್ಲಿ ಹೊರಡುವ ಹೊತ್ತು ಮಾತ್ರ ಇರುತ್ತಿತ್ತಂತೆ. ಮುಟ್ಟುವ ಹೊತ್ತನ್ನು ಬರೆಯುವ ಧೈರ್ಯ ಯಾವ ಕಂಪನಿಗೂ ಇರಲಿಲ್ಲ.

ಇನ್ನು ನಮ್ಮ ಆರೂಕಾಲರ ಬಸ್ಸು. ಅದಕ್ಕೂ ಒಂದು ಹೆಸರಿತ್ತು. ಆದರೆ ಊರಲ್ಲಿ ಯಾರೂ ಆ ಹೆಸರಿನಿಂದ ಕರೆಯುತ್ತಿರಲಿಲ್ಲ. ‘ಆರೂಕಾಲು’ ಎಂದರೆ ಬಸ್ಸು, ಬಸ್ಸು ಎಂದರೆ ಬೆಳಗು. ಅದರ ಹಾರನ್ನಿನ ಪೋಂ ಪೋಂ ದನಿ ಕೇಳಿದ ಮೇಲೆಯೇ ಎಷ್ಟೋ ಮನೆಗಳಲ್ಲಿ ಹಾಲು ಕರೆಯುವುದು ಮುಗಿಯಬೇಕೆಂಬ ಲೆಕ್ಕವಿತ್ತು. ಕಿಟಕಿಗಳಿಗೆ ಗಾಜಿಲ್ಲ, ಸುತ್ತಿಟ್ಟ ಟರ್ಪಾಲಿನ ಪರದೆ. ಮಳೆ ಬಂದರೆ ಎಲ್ಲರೂ ಒಟ್ಟಿಗೆ ಪರದೆ ಬಿಡುತ್ತಿದ್ದರು; ಒಳಗೆ ಕತ್ತಲೆ, ಬೆವರು, ಒದ್ದೆ ಕೊಡೆಗಳ ವಾಸನೆ. ಬೆನ್ನಿಗಿದ್ದ ಏಣಿಯನ್ನು ಹತ್ತಿ ಅಡಿಕೆಯ ಗೋಣಿಗಳು ಮಾಡು ಸೇರುತ್ತಿದ್ದವು. 1973ರಲ್ಲಿ ಕೇರಳ, ಕರ್ನಾಟಕಗಳ ಬೆಳೆಗಾರರಿಬ್ಬರಿಗೂ ಸೇರಿದ ಕ್ಯಾಂಪ್ಕೋ ಮಂಗಳೂರಿನಲ್ಲಿ ಹುಟ್ಟುವವರೆಗೆ ನಮ್ಮ ಸೀಮೆಯ ಅಡಿಕೆಗೆ ಮಂಗಳೂರಿನ ಬಂದರಿನ ಮಂಡಿಗಳೇ ಗತಿ. ಬೆಲೆ ಅಲ್ಲಿಯವರು ಹೇಳಿದ್ದು. ಅಡಿಕೆಯ ಗೋಣಿಯೊಂದಿಗೆ ಮಂಗಳೂರಿಗೆ ಹೋದ ರೈತ ಸಂಜೆಯ 6.40ಕ್ಕೆ ಯಾವ ಮುಖ ಹೊತ್ತು ಬಸ್ಸು ಹತ್ತುತ್ತಾನೆ ಎಂಬುದರಿಂದಲೇ ಅಂದಿನ ಧಾರಣೆ ಊರಿಗೆ ತಿಳಿಯುತ್ತಿತ್ತು.

ಅದೇ ದಾರಿಯಲ್ಲಿ ಎದುರಿನಿಂದ ಬರುವ ಬಸ್ಸು ಪತ್ರಿಕೆಯನ್ನು ತರುತ್ತಿತ್ತು. ಮಂಗಳೂರಿನ ‘ನವಭಾರತ’ ನಮ್ಮ ಕೈಸೇರುವಾಗ ಹತ್ತೂವರೆ ಗಂಟೆ. ಸೆಣಬಿನ ಹುರಿಯಿಂದ ಬಿಗಿದ ಕಟ್ಟನ್ನು ಕಂಡಕ್ಟರು ಬಸ್ಸು ನಿಲ್ಲಿಸದೆಯೇ ಅಂಗಡಿಯ ಜಗಲಿಗೆ ಗುರಿಯಿಟ್ಟು ಎಸೆಯುತ್ತಿದ್ದರು. ಗುರಿ ತಪ್ಪಿದ ನೆನಪು ನಮಗಿಲ್ಲ. 1970ರ ಜನವರಿ 1ರಂದು ಮಣಿಪಾಲದಿಂದ ‘ಉದಯವಾಣಿ’ ಆರಂಭವಾದ ಮೇಲೆ ಕಟ್ಟುಗಳು ಎರಡಾದವು. ಕೇರಳದಲ್ಲಿದ್ದ ಒಂದು ಹಳ್ಳಿ ಪ್ರತಿದಿನ ಕನ್ನಡ ಪತ್ರಿಕೆಯನ್ನು ಓದುತ್ತಿದ್ದರೆ ಅದಕ್ಕೆ ಭಾಷಾಭಿಮಾನ ಎಷ್ಟು ಕಾರಣವೋ ಒಂದು ಬಸ್ಸಿನ ವೇಳೆಯೂ ಅಷ್ಟೇ ಕಾರಣ.

ಕಾಸರಗೋಡನ್ನು ಸಪ್ತಭಾಷಾ ಭೂಮಿ ಎನ್ನುವುದು ಸಭೆಗಳಲ್ಲಿ ರೂಢಿ. ಆ ಏಳು ಭಾಷೆಗಳು ಒಂದೇ ಕಡೆ ಸೇರುವುದನ್ನು ನೋಡಬೇಕಾದವರು ಆ ಬಸ್ಸನ್ನು ಹತ್ತಬೇಕಿತ್ತು. ಒಳನಾಡಿನ ತೋಟಗಳ ಹವ್ಯಕ ಕನ್ನಡ, ಕರಾಡ ಮರಾಠಿ, ಎಲ್ಲರ ತುಳು, ಉಪ್ಪಳದಲ್ಲಿ ಹತ್ತುವವರ ಉರ್ದು, ಮಲಯಾಳ, ಮಂಜೇಶ್ವರದಲ್ಲಿ ಕೊಂಕಣಿ, ತೊಕ್ಕೊಟ್ಟಿನಲ್ಲಿ ಬ್ಯಾರಿ. ಕಂಡಕ್ಟರು ಎಲ್ಲರಿಗೂ ಅವರವರ ಭಾಷೆಯಲ್ಲಿ ಚಿಲ್ಲರೆ ಕೊಡುತ್ತಿದ್ದರು, ಒಟ್ಟಾಗಿ ಗದರಿಸುವಾಗ ಮಾತ್ರ ತುಳು: “ದುಂಬು ಪೋಲೆ, ದುಂಬು ಪೋಲೆ!” ಬಸ್ಸಿನ ಹಣೆಯ ಬೋರ್ಡು ಕನ್ನಡದಲ್ಲಿತ್ತು. ಅದನ್ನು ಯಾರೂ ವಿಶೇಷವೆಂದು ತಿಳಿಯಲಿಲ್ಲ. ಮಲಯಾಳ ಮನೆಮಾತಿನವರೂ ಆ ದುಂಡಗಿನ ಅಕ್ಷರಗಳನ್ನು ಓದಿಯೇ ಹತ್ತುತ್ತಿದ್ದರು.

ಕಂಕನಾಡಿಯಲ್ಲಿ ಬಸ್ಸು ಅರ್ಧ ಖಾಲಿಯಾಗುತ್ತಿತ್ತು. 1880ರಿಂದ ಅಲ್ಲಿದ್ದ ಫಾದರ್ ಮುಲ್ಲರರ ಆಸ್ಪತ್ರೆ ನಮ್ಮ ಸೀಮೆಯ ಬಡವರಿಗೆ ಎರಡನೆಯ ತವರು. ಇನ್ನು ಕೆಲವರು ವೆನ್ಲಾಕ್ ಆಸ್ಪತ್ರೆಗಾಗಿ ಹಂಪನಕಟ್ಟೆಯವರೆಗೆ ಬರುವವರು. ರೋಗಿಗೆ ಊಟ ಕೊಂಡೊಯ್ಯುವ ತೂಗುಪಾತ್ರೆಯನ್ನು ಹಿಡಿದವರಿಗೆ ಬಸ್ಸಿನಲ್ಲಿ ಯಾರಾದರೂ ಎದ್ದು ಜಾಗ ಬಿಡುವುದು ಬರೆಯದ ನಿಯಮವಾಗಿತ್ತು. 1971ರ ಮಳೆಗಾಲದಲ್ಲಿ ನಮ್ಮ ತಾಯಿಯವರು ಹದಿನೇಳು ದಿನ ಕಂಕನಾಡಿಯಲ್ಲಿದ್ದರು. ಮನೆಯಲ್ಲಿ ಬೇಯಿಸಿದ ಗಂಜಿಯನ್ನು ಆರೂಕಾಲರ ಬಸ್ಸಿನಲ್ಲಿ ಕಳುಹಿಸಿದರೆ ಕಂಡಕ್ಟರು ಆಸ್ಪತ್ರೆಯ ಗೇಟಿನ ಬಳಿ ನಮ್ಮ ಕೈಗೆ ಕೊಡುತ್ತಿದ್ದರು. ಹದಿನೇಳು ದಿನಗಳಲ್ಲಿ ಒಂದು ದಿನವೂ ತಪ್ಪಲಿಲ್ಲ. ಅದಕ್ಕೆ ಒಂದು ಪೈಸೆಯನ್ನೂ ಪಡೆಯಲಿಲ್ಲ. ಆ ಮಹಾನುಭಾವರು ಈಗಿಲ್ಲ. ಅವರ ಮಕ್ಕಳು ಎಲ್ಲಿದ್ದಾರೆಂದೂ ನಮಗೆ ತಿಳಿಯದು.

ಹಂಪನಕಟ್ಟೆ ಎಂದರೆ ಅಂದಿನ ಸರ್ವಿಸ್ ಬಸ್ಸುಗಳ ನಿಲ್ದಾಣ. ಬಾಯಾರಿದವರಿಗೆ ನೀರು ಕೊಡುತ್ತಿದ್ದ ಅಪ್ಪಣ್ಣನೆಂಬವನ ಕಟ್ಟೆಯೇ ಕಾಲಕ್ರಮದಲ್ಲಿ ಹಂಪನಕಟ್ಟೆಯಾಯಿತೆಂದು ಹಿರಿಯರು ಹೇಳುತ್ತಿದ್ದ ಕಥೆ. ಬಾಯಾರಿನಿಂದ ಬಂದ ನಮ್ಮನ್ನು ಸಹಪಾಠಿಗಳು ಇದೇ ಕಥೆಯನ್ನು ಹಿಡಿದು ಹಾಸ್ಯ ಮಾಡುತ್ತಿದ್ದದ್ದೂ ಉಂಟು. ಅಲ್ಲಿಂದ ಎರಡು ಹೆಜ್ಜೆಗೆ 1868ರ ಹಳೆಯ ಸರಕಾರಿ ಕಾಲೇಜು. ಕೇರಳದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ, ಗಡಿಯಾಚೆ ಮೈಸೂರು ವಿಶ್ವವಿದ್ಯಾಲಯದ ಪಿಯುಸಿಗೆ ಸೇರಿದ ನಮ್ಮಂತಹ ಹುಡುಗರ ಒಂದು ದಂಡೇ ಅಲ್ಲಿತ್ತು. ಅದೇ 1968ರಲ್ಲಿ ಕೊಣಾಜೆಯ ಗುಡ್ಡದ ಮೇಲೆ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಮಂಗಳಗಂಗೋತ್ರಿ ತೆರೆಯಿತು. ಕಾಸರಗೋಡಿನಲ್ಲೂ 1957ರಿಂದ ಸರಕಾರಿ ಕಾಲೇಜಿತ್ತು, ಕನ್ನಡವೂ ಅಲ್ಲಿತ್ತು. ಆದರೆ ನಮ್ಮ ಊರಿನಿಂದ ಬೆಳಿಗ್ಗೆ ಹೊರಟು ಮೊದಲ ಗಂಟೆಗೆ ಅಲ್ಲಿಗೆ ಮುಟ್ಟಿಸುವ ಬಸ್ಸಿರಲಿಲ್ಲ. ನಾವು ಮಂಗಳೂರಿನ ಪದವೀಧರರಾದದ್ದು ಹೀಗೆ.

ಸರ್ವಿಸ್ ಬಸ್ಸಿನಿಂದ ಇಳಿದರೆ ಸಿಟಿ ಬಸ್ಸಿನ ಲೋಕ. ಸಿಟಿ ಬಸ್ಸುಗಳೆಲ್ಲ ಹೊರಡುವುದು ಸ್ಟೇಟ್‌ಬ್ಯಾಂಕಿನ ಮುಂದಿನಿಂದ. ಬೋರ್ಡಿನ ಮೇಲೂ ಅದೇ ಹೆಸರು. ಬ್ಯಾಂಕಿನಲ್ಲಿ ಖಾತೆಯಿಲ್ಲದ ನಮ್ಮ ಹಳ್ಳಿಯ ಮುದುಕಿಯೂ “ಸ್ಟೇಟ್‌ಬ್ಯಾಂಕಿಗೆ ಹೋಗಿ ಬಂದೆ” ಎನ್ನುತ್ತಿದ್ದಳು. ಅದರ ಅರ್ಥ ಮಂಗಳೂರಿಗೆ ಹೋಗಿ ಬಂದೆ ಎಂದಷ್ಟೆ. ನಂಬರುಗಳೇ ಊರಿನ ಹೆಸರಾಗಿ ಬಿಡುವುದೂ ಈ ನಗರದ ಗುಣ. ಮಂಗಳಾದೇವಿಗೆ 27, ಉಳ್ಳಾಲಕ್ಕೆ 44, ಕಾಟಿಪಳ್ಳಕ್ಕೆ 45: ದಾರಿ ಕೇಳಿದರೆ ಮಂಗಳೂರಿನವರು ಬೀದಿಯ ಹೆಸರು ಹೇಳುವುದಿಲ್ಲ, ಬಸ್ಸಿನ ನಂಬರು ಹೇಳುತ್ತಾರೆ. ಒಂದು ಟಾಕೀಸಿನ ಹೆಸರಾದ ಜ್ಯೋತಿ ಒಂದು ವೃತ್ತಕ್ಕೆ ಅಂಟಿಕೊಂಡಿತು. ಬಾವಿಯಿಂದ ಪಂಪಿನಲ್ಲಿ ನೀರೆತ್ತುತ್ತಿದ್ದ ಜಾಗ ಪಂಪ್‌ವೆಲ್ ಆಯಿತು. ವಸ್ತು ಮರೆಯಾದರೂ ಕಂಡಕ್ಟರ ಕೂಗಿನಲ್ಲಿ ಹೆಸರು ಬದುಕಿರುತ್ತದೆ.

ಸಂಜೆಯ 6.40 ಕೈತಪ್ಪಿದರೆ ಊರಿಗೆ ಹೋಗುವಂತಿಲ್ಲ. ಒಮ್ಮೊಮ್ಮೆ ನಾವಾಗಿಯೇ ತಪ್ಪಿಸಿಕೊಳ್ಳುತ್ತಿದ್ದೆವು. ನೆಹರು ಮೈದಾನದಲ್ಲಿ ಡೇರೆಯ ಆಟ ಇದ್ದ ರಾತ್ರಿ ಚೆಂಡೆಯ ಪೆಟ್ಟಿಗೆ ಬೆಳಗು ಮಾಡಿ, ಕೆಂಪಾದ ಕಣ್ಣಿನಿಂದ ಮೊದಲ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತರೆ, ಪಕ್ಕದಲ್ಲಿ ಬುಟ್ಟಿಯಿಟ್ಟ ಮೀನಿನ ಹೆಂಗಸರು ರಾತ್ರಿಯ ಪ್ರಸಂಗ ಯಾವುದು, ಯಾರ ವೇಷ ಎಂದು ವಿಚಾರಿಸುತ್ತಿದ್ದರು.

ಇಷ್ಟು ಹೇಳಿದ ಮೇಲೆ ಗಡಿಯ ವಿಷಯಕ್ಕೆ ಬರಬೇಕು. ವೇಳಾಪಟ್ಟಿಯಲ್ಲಿ ಗಡಿ ಕಾಣಿಸಲಿಲ್ಲವೆಂದರೆ ಅದು ಇರಲಿಲ್ಲವೆಂದಲ್ಲ. 1939ರ ಮೋಟಾರು ವಾಹನ ಕಾಯಿದೆಯಂತೆ ಒಂದು ರಾಜ್ಯದ ಸಾರಿಗೆ ಅಧಿಕಾರಿಗಳು ಕೊಟ್ಟ ಪರ್ಮಿಟ್ಟು ಇನ್ನೊಂದು ರಾಜ್ಯದಲ್ಲಿ ನಡೆಯಬೇಕಾದರೆ ಅಲ್ಲಿಯ ಅಧಿಕಾರಿಗಳ ಪ್ರತಿಸಹಿ ಬೇಕು. 1956ರ ಅಕ್ಟೋಬರ್ 31ರ ರಾತ್ರಿ ಒಂದೇ ಜಿಲ್ಲೆಯ ರಸ್ತೆಯಲ್ಲಿ ನಿಂತಿದ್ದ ಬಸ್ಸು ಬೆಳಗಾಗುವುದರೊಳಗೆ ಅಂತರರಾಜ್ಯ ಬಸ್ಸಾಯಿತು. ಡ್ರೈವರು ಅವನೇ, ಹೊಂಡಗಳು ಅವೇ. ಕಾಗದ ಮಾತ್ರ ಎರಡಾಯಿತು. ಅನಂತರ ತೆರಿಗೆ ಎರಡಾಯಿತು, ದರ ಎರಡಾಯಿತು. ತಲಪಾಡಿಯ ಈಚೆಗೆ ಒಂದು ಲೆಕ್ಕ, ಆಚೆಗೆ ಒಂದು ಲೆಕ್ಕ. ಕನ್ನಡಿಗರು ಏಕೀಕರಣಕ್ಕಾಗಿ ಸಭೆ ನಡೆಸಿದರು, ಕಯ್ಯಾರ ಕಿಞ್ಞಣ್ಣ ರೈಗಳಂಥವರು ಹೋರಾಟಕ್ಕೆ ದನಿಯಾದರು, ಮಹಾಜನ ವರದಿ ಬಂದು ಕಡತದಲ್ಲಿ ಕುಳಿತಿತು. ಬಸ್ಸಿನ ಮಾಲಕರು ಮಾತ್ರ ಸದ್ದಿಲ್ಲದೆ ಪ್ರತಿಸಹಿಗಾಗಿ ಎರಡೂ ಕಡೆಯ ಕಚೇರಿಗಳ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ದೊಡ್ಡ ಕಂಪನಿಗಳಿಗೆ ಅದು ಸಾಧ್ಯ. ಒಂದೇ ಬಸ್ಸಿನ ಮಾಲಕ ಎಷ್ಟು ದಿನ ತಾಳಿಯಾನು? ಒಳನಾಡಿನಿಂದ ನೇರವಾಗಿ ಮಂಗಳೂರಿಗೆ ಹೋಗುತ್ತಿದ್ದ ಬಸ್ಸುಗಳು ಒಂದೊಂದಾಗಿ ಕೈಕಂಬದಲ್ಲಿ, ಹೊಸಂಗಡಿಯಲ್ಲಿ, ತಲಪಾಡಿಯಲ್ಲಿ ನಿಂತವು. ನಮ್ಮ ಆರೂಕಾಲು ಯಾವ ವರ್ಷ ಉಪ್ಪಳಕ್ಕೆ ಸೀಮಿತವಾಯಿತೆಂದು ಊರಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ವರ್ಷ ಹೇಳುತ್ತಾರೆ. ನಿಂತ ದಿನ ಯಾರೂ ಮೆರವಣಿಗೆ ಮಾಡಲಿಲ್ಲ.

ಹೆದ್ದಾರಿಯ ಮೇಲಿನ ಕಾಸರಗೋಡು–ಮಂಗಳೂರು ಓಡಾಟ ಕಾಲಕ್ರಮೇಣ ಎರಡು ಸರಕಾರಿ ನಿಗಮಗಳ ಪಾಲಾಯಿತು. ಒಂದು, 1961ರಲ್ಲಿ ಹುಟ್ಟಿದ ಮೈಸೂರು ರಾಜ್ಯದ ನಿಗಮ. ಇನ್ನೊಂದು, 1965ರಲ್ಲಿ ಹುಟ್ಟಿದ ಕೇರಳದ ನಿಗಮ. 1973ರಲ್ಲಿ ಮೈಸೂರು ಕರ್ನಾಟಕವಾದಾಗ ಎರಡೂ ಬಸ್ಸುಗಳ ಮೈಮೇಲೆ ಒಂದೇ ಐದು ಅಕ್ಷರಗಳು ಬಂದವು: ಕೆಎಸ್‌ಆರ್‌ಟಿಸಿ. ಈ ಅಕ್ಷರಗಳು ಯಾರ ಸ್ವತ್ತೆಂಬ ವ್ಯಾಜ್ಯ ಬಹುಕಾಲ ನಡೆದು, 2023ರಲ್ಲಿ ಮದರಾಸು ಹೈಕೋರ್ಟು ಕೇರಳದ ವಾದವನ್ನು ಒಪ್ಪಲಿಲ್ಲ. ನಮ್ಮ ರಸ್ತೆಯಲ್ಲಿ ಆ ಗೊಂದಲ ಎಂದೂ ಇರಲಿಲ್ಲ. ನಮ್ಮವರು ಒಂದನ್ನು ‘ಕೇರಳ’ ಎಂದೂ ಇನ್ನೊಂದನ್ನು ‘ಕರ್ನಾಟಕ’ ಎಂದೂ ಕರೆದು, ಯಾವುದು ಮೊದಲು ಬಂತೋ ಅದನ್ನು ಹತ್ತಿದರು. ಕೇರಳದ ಬಸ್ಸಿನ ಬೋರ್ಡಿನಲ್ಲಿ ಮಲಯಾಳದ ಕೆಳಗೆ ‘ಮಂಗಳೂರು’ ಎಂದು ಕನ್ನಡದಲ್ಲಿ ಬರೆದದ್ದನ್ನು ಕಂಡಾಗ, ಬರೆದವರು ಯಾರೋ ಅವರಿಗೆ ನಾವು ಮನಸ್ಸಿನಲ್ಲಿಯೇ ವಂದಿಸಿದ್ದುಂಟು.

ನಮ್ಮ ಸೀಮೆಯ ಮುಖವನ್ನು ನಿಜವಾಗಿ ತಿರುಗಿಸಿದ್ದು 1956 ಅಲ್ಲ, 1984 ಎಂಬುದು ನಮ್ಮ ಗ್ರಹಿಕೆ. ಅಲ್ಲಿಯವರೆಗೆ ನಾವು ಕಣ್ಣೂರು ಜಿಲ್ಲೆಯವರು. ಕಂದಾಯದ ಕೆಲಸಕ್ಕೆ ವರ್ಷಕ್ಕೆ ಒಂದೆರಡು ಸಲ ಕಣ್ಣೂರಿಗೆ ರೈಲು ಹತ್ತಿದರೂ ಅದು ದೂರದ ಊರು, ಅಧಿಕಾರಿಗಳ ಊರು, ಪೇಟೆಯೆಂದರೆ ಮಂಗಳೂರೇ. 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾಯಿತು. ಜಿಲ್ಲೆ ಬೇಕೆಂದು ಕೇಳಿದವರಲ್ಲಿ ಕನ್ನಡಿಗರೂ ಇದ್ದರು. ಅದರಿಂದ ಅನುಕೂಲವಾಗಿಲ್ಲವೆಂದು ಹೇಳಿದರೆ ಅಪಚಾರವಾದೀತು. ಆದರೆ ಜಿಲ್ಲಾ ಕಚೇರಿ ಎಲ್ಲಿರುವುದೋ ಬಸ್ಸು ಅತ್ತ ಹೋಗಬೇಕು. ಒಳನಾಡಿನ ಬೆಳಗಿನ ಬಸ್ಸುಗಳು ಒಂದೊಂದಾಗಿ ದಕ್ಷಿಣಕ್ಕೆ ತಿರುಗಿದವು. ಹತ್ತು ಗಂಟೆಯ ಕಚೇರಿಗೆ ಹೊಂದಿಕೆಯಾಗುವಂತೆ ಅವುಗಳ ವೇಳೆ ಬದಲಾಯಿತು. ಯಾರ ಮೇಲೂ ಬಲವಂತವಿಲ್ಲ. ಉತ್ತರಕ್ಕೆ ಹೋಗುವವರು ಮಾತ್ರ ಕಾಯಬೇಕಾಯಿತು, ಬಸ್ಸು ಬದಲಾಯಿಸಬೇಕಾಯಿತು.

ಇದರ ಬಿಸಿ ನಮಗೆ ತಗುಲಿದ್ದು ಶಾಲೆಯಲ್ಲಿ. ತೊಂಬತ್ತರ ದಶಕದಲ್ಲಿ ನಾವು ಒಂದು ಕನ್ನಡ ಮಾಧ್ಯಮ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದೆವು. ಗುಡ್ಡದಾಚೆಯ ಎರಡು ಬೈಲುಗಳಿಂದ ಮಕ್ಕಳು ಒಂದೇ ಬಸ್ಸಿನಲ್ಲಿ ಬರುತ್ತಿದ್ದರು. ಒಂದು ಜೂನ್ ತಿಂಗಳಲ್ಲಿ ಆ ಬಸ್ಸಿನ ಹೊತ್ತನ್ನು ಇಪ್ಪತ್ತೈದು ನಿಮಿಷ ಹಿಂದಕ್ಕೆ ಹಾಕಿದರು. ಮಕ್ಕಳು ಬಂದು ಮುಟ್ಟುವಾಗ ಪ್ರಾರ್ಥನೆ ಮುಗಿದು ಹಾಜರಿ ಕರೆದಾಗಿರುತ್ತಿತ್ತು. ಸಂಬಂಧಪಟ್ಟ ಕಚೇರಿಗೆ ನಾವು ಕನ್ನಡದಲ್ಲಿ ಅರ್ಜಿ ಬರೆದೆವು. ಓದಲು ಬರುವವರಿಲ್ಲವೆಂದು ಅದು ಮರಳಿ ಬಂತು. ಇಂಗ್ಲಿಷಿನಲ್ಲಿ ಬರೆದೆವು, ಉತ್ತರ ಬರಲಿಲ್ಲ. ಮಲಯಾಳ ಬಲ್ಲ ಸಹೋದ್ಯೋಗಿಯೊಬ್ಬರಿಂದ ಬರೆಯಿಸಿದೆವು. ಪರಿಶೀಲಿಸಲಾಗುವುದೆಂಬ ಉತ್ತರ ಬಂತು. ಕೊನೆಗೆ ಯಾರನ್ನೂ ಕೇಳದೆ ಬೆಳಗಿನ ಗಂಟೆಯನ್ನೇ ಹದಿನೈದು ನಿಮಿಷ ಮುಂದೂಡಿದೆವು. ನಿಯಮಕ್ಕೆ ವಿರುದ್ಧವೆಂದು ಗೊತ್ತಿತ್ತು. ಮೂರು ತಿಂಗಳಲ್ಲಿ ಬಸ್ಸಿನ ವೇಳೆ ಮತ್ತೆ ಬದಲಾಯಿತು. ಮರುವರ್ಷ ಆ ಎರಡು ಬೈಲುಗಳಿಂದ ಐದನೆಯ ತರಗತಿಗೆ ಸೇರಬೇಕಾಗಿದ್ದ ಒಂಬತ್ತು ಮಕ್ಕಳು ಬರಲಿಲ್ಲ. ನಡೆದು ಹೋಗುವಷ್ಟು ಹತ್ತಿರದಲ್ಲಿ ಬೇರೆ ಮಾಧ್ಯಮದ ಶಾಲೆಯಿತ್ತು. ಅವರ ತಂದೆತಾಯಿಯರನ್ನು ನಾವು ಮನೆಮನೆಗೆ ಹೋಗಿ ಕಂಡೆವು. ಒಬ್ಬ ತಾಯಿ ಹೇಳಿದ್ದು ಇಷ್ಟೆ: “ಮಾಷ್ಟ್ರೇ, ಕನ್ನಡ ಬೇಡ ಅಂತ ಅಲ್ಲ. ಮಳೆಗೆ ಸಣ್ಣ ಹುಡುಗಿ ಬಸ್ಸಿಗೆ ಒಬ್ಬಳೇ ಕಾಯುವುದು ಹೇಗೆ?” ನಮ್ಮಲ್ಲಿ ಉತ್ತರವಿರಲಿಲ್ಲ. ಗಡಿನಾಡಿನಲ್ಲಿ ಕನ್ನಡ ಶಾಲೆಗಳ ಮಕ್ಕಳ ಸಂಖ್ಯೆ ಏಕೆ ಇಳಿಯುತ್ತದೆಂದು ವಿಚಾರಗೋಷ್ಠಿಗಳಲ್ಲಿ ಅನೇಕ ಕಾರಣಗಳನ್ನು ಕೇಳಿದ್ದೇವೆ. ಬಸ್ಸಿನ ಇಪ್ಪತ್ತೈದು ನಿಮಿಷಗಳನ್ನು ಯಾರೂ ಹೇಳಿದ್ದನ್ನು ಕೇಳಿಲ್ಲ.

2020ರ ಮಾರ್ಚ್ ಕೊನೆಯಲ್ಲಿ, ಸಾಂಕ್ರಾಮಿಕದ ದಿನಗಳಲ್ಲಿ, ತಲಪಾಡಿ ಮೊದಲ ಬಾರಿಗೆ ನಿಜವಾದ ಗಡಿಯಾಯಿತು. ಹೆದ್ದಾರಿಗೆ ತಡೆ ಬಿತ್ತು. ಒಳದಾರಿಗಳಲ್ಲಿ ಮಣ್ಣಿನ ಗುಡ್ಡೆ ಎದ್ದಿತು. ಮಂಗಳೂರಿನ ಆಸ್ಪತ್ರೆಗಳಿಗೆ ಹೊರಟ ರೋಗಿಗಳ ವಾಹನಗಳೂ ಅಲ್ಲಿ ನಿಂತವು. ಕೆಲವರು ಮರಳಿ ಬದುಕಲಿಲ್ಲ. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಎರಡೂ ಕಡೆಯವರಿಗೆ ಅವರವರ ಭಯವಿತ್ತು, ಅವರವರ ಕಾರಣವಿತ್ತು. ನಾವು ಮನೆಯಲ್ಲಿ ಕುಳಿತು ವಾರ್ತೆಯನ್ನು ಕೇಳುತ್ತ, ಗಂಜಿಯ ತೂಗುಪಾತ್ರೆಯೊಂದು ದಿನವೂ ಆ ಜಾಗವನ್ನು ದಾಟಿ ಹೋಗುತ್ತಿದ್ದ ಹದಿನೇಳು ದಿನಗಳನ್ನು ನೆನೆದೆವು.

ಈಗ ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರು ಆರು ಪಥಗಳ ಹೆದ್ದಾರಿಯಾಗಿದೆ. ಕೈಕಂಬದ ಆ ಹೋಟೆಲಿನ ಗೋಡೆಯೂ ಅದರ ಮಾಡಿನ ಮೇಲೆ ಬಾಗಿದ್ದ ಮರವೂ ಇಂದಿಲ್ಲ. ಮಂಗಳೂರಿನ ಹಂಪನಕಟ್ಟೆಯ ನಿಲ್ದಾಣದಿಂದ ಸರ್ವಿಸ್ ಬಸ್ಸುಗಳು ‘ತಾತ್ಕಾಲಿಕ’ವಾಗಿ ಸ್ಟೇಟ್‌ಬ್ಯಾಂಕಿನ ಕಡೆಗೆ ಹೋಗಿ ದಶಕಗಳೇ ಕಳೆದವು. ನಮ್ಮ ಕಣ್ಣೆದುರಿಗೆ ನಿಂತಿದ್ದ ಗಡಿಯಾರ ಗೋಪುರವನ್ನು ಕೆಡವಿದರು. ಬಹುಕಾಲದ ಮೇಲೆ ಪುನಃ ಕಟ್ಟಿದರು.

2025ರ ಡಿಸೆಂಬರಿನಲ್ಲಿ ಒಂದು ದಿನ, ಮೊಮ್ಮಗ ಕಾರಿನಲ್ಲಿ ಬಿಡುತ್ತೇನೆಂದರೂ ಕೇಳದೆ, ನಾವು ಆ ನೋಟುಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮಂಗಳೂರಿಗೆ ಹೊರಟೆವು. ಬಾಯಾರಿನಿಂದ ಖಾಸಗಿ ಬಸ್ಸು. ಕೈಕಂಬದಲ್ಲಿ ಇಳಿದು ಕೆಳದಾರಿಯಿಂದ ಹೆದ್ದಾರಿಯನ್ನು ದಾಟಿ ಕಾದೆವು. ಕೇರಳದ ಬಸ್ಸು ಬಂತು. ಕಂಡಕ್ಟರು ತರುಣ, ಮಲಯಾಳದಲ್ಲಿ ಕೇಳಿದ. ನಾವು ತುಳುವಿನಲ್ಲಿ ಹೇಳಿದೆವು. ಆತ ನಕ್ಕು ತುಳುವಿನಲ್ಲಿಯೇ ಚಿಲ್ಲರೆ ಕೊಟ್ಟ. ಹಳೆಯ ಹಾಳೆಯ ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದುಕೊಂಡೆವು: ಬಾಯಾರು 8.05, ಕೈಕಂಬ 8.40, ತಲಪಾಡಿ 9.20, ಮಂಗಳೂರು 10.00. ಕೂಡಿಸಿ ಕಳೆದು ನೋಡಿದರೆ ಐವತ್ತೇಳು ವರ್ಷಗಳಲ್ಲಿ ಐದು ನಿಮಿಷ ಉಳಿತಾಯವಾಗಿದೆ.

ಮರಳುವ ಕೊನೆಯ ಬಸ್ಸು ಎಷ್ಟು ಗಂಟೆಗೆಂದು ಸ್ಟೇಟ್‌ಬ್ಯಾಂಕಿನ ಬಳಿ ನಿಂತಿದ್ದ ಏಜೆಂಟರನ್ನು ವಿಚಾರಿಸಿದೆವು. “ಉಪ್ಪಳಕ್ಕೆ ರಾತ್ರಿಯವರೆಗೂ ಉಂಟು ಅಜ್ಜ. ಅಲ್ಲಿಂದ ಒಳಗೆ ಹೋಗುವುದಕ್ಕೆ ಕತ್ತಲಾದ ಮೇಲೆ ಏನೂ ಇಲ್ಲ, ರಿಕ್ಷಾ ಮಾಡಬೇಕಷ್ಟೆ” ಎಂದರು. ನಾವು ನಾಲ್ಕು ಗಂಟೆಯ ಬಸ್ಸಿಗೆ ಹೊರಟೆವು.